ಅಗಲ ಗಾಲಿಯ ವಿಚಾರ

ಬಿ.ಎ. ಓದುವವನಿಗೆ ಮೋಟಾರು ಗಾಲಿಯ ಗೊಡವೆ ಏಕೆಂದು ವಾಚಕರು ಕೇಳಬಹುದು. ಉಡುಪಿಯಿಂದ ಮಣಿಪಾಲಕ್ಕೆ ಏರುವ ರಸ್ತೆಯಲ್ಲಿ ನನ್ನ ಸೋದರಮಾವನ ಟಯರು ಅಂಗಡಿಯಿದೆ. ಮೂರು ವರ್ಷಗಳಿಂದ ಕಾಲೇಜು ಬಿಟ್ಟ ಮೇಲೆ ಸಂಜೆಯ ಹೊತ್ತು ನಾನು ಅಲ್ಲಿ ದುಡಿಯುತ್ತೇನೆ. ನನ್ನ ಶುಲ್ಕದ ಹಣ ಹುಟ್ಟುವುದೂ ಅಲ್ಲಿಯೇ. ಆದುದರಿಂದ ಈ ವಿಷಯದಲ್ಲಿ ನಾಲ್ಕು ಮಾತು ಹೇಳಲು ನನಗೆ ಸಂಕೋಚವಿಲ್ಲ.

ಮಣಿಪಾಲದಲ್ಲಿ ಓದುವ ಉಳ್ಳವರ ಮಕ್ಕಳಲ್ಲಿ ಕೆಲವರ ಬಳಿ ಸಣ್ಣ ಸ್ಪೋರ್ಟ್ಸ್ ಕಾರುಗಳಿವೆ. ಅವರು ಬಿಡುವಿನಲ್ಲಿ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಹೋಗಿ, ಹಣ ಕಟ್ಟಿ, ಟ್ರ್ಯಾಕಿನಲ್ಲಿ ಮನಸಾರೆ ಕಾರೋಡಿಸಿ ಬರುತ್ತಾರೆ. ಹೊರಡುವ ಮುನ್ನ ನಮ್ಮಲ್ಲಿಗೆ ಬಂದು ಕೇಳುವುದು ಒಂದೇ: ಅಗಲದ ರಿಮ್ಮು, ಅಗಲದ ಟಯರು. ಅಗಲವಾದಷ್ಟೂ ಹಿಡಿತ ಹೆಚ್ಚೆಂಬುದು ಅವರ ಸಿದ್ಧಾಂತ. ಟ್ರ್ಯಾಕಿನ ಮಟ್ಟಿಗೆ ಅದರಲ್ಲಿ ಹುರುಳಿದೆ. ಅದನ್ನೇ ಊರಿನ ರಸ್ತೆಗೂ ಹೊತ್ತು ತರುವುದರಲ್ಲಿ ಮಾತ್ರ ತಪ್ಪಿದೆಯೆಂಬುದು ನನ್ನ ಅಭಿಪ್ರಾಯ.

ಟಯರು ಅಗಲವಾದರೆ ನೆಲ ಮುಟ್ಟುವ ರಬ್ಬರು ಬಹಳ ಹೆಚ್ಚುತ್ತದೆಂದು ನಾನೂ ಮೊದಲು ನಂಬಿದ್ದೆ. ಹಾಗಲ್ಲ. ಕಾರಿನ ಭಾರವೂ ಗಾಳಿಯ ಒತ್ತಡವೂ ಅಷ್ಟೇ ಇದ್ದರೆ, ನೆಲಕ್ಕೊತ್ತುವ ಜಾಗದ ವಿಸ್ತೀರ್ಣವೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅದರ ಆಕಾರ ಬದಲಾಗುತ್ತದೆ: ಉದ್ದ ಕುಗ್ಗಿ ಅಗಲ ಹಿಗ್ಗುತ್ತದೆ. ತಿರುವಿನಲ್ಲಿ ಇಂಥ ಟಯರು ಕಡಿಮೆ ಬಾಗುತ್ತದೆ, ಸ್ಟಿಯರಿಂಗಿಗೆ ಬೇಗ ಓಗೊಡುತ್ತದೆ. ಸುತ್ತಿನ ಮೇಲೆ ಸುತ್ತು ಹೊಡೆಯುವಾಗ ಹುಟ್ಟುವ ಕಾವೂ ಹೆಚ್ಚು ರಬ್ಬರಿಗೆ ಹಂಚಿಹೋಗುತ್ತದೆ. 2017ರಲ್ಲಿ ಫಾರ್ಮುಲಾ ಒನ್ ಕಾರುಗಳ ಹಿಂದಿನ ಟಯರನ್ನು 325 ಮಿಲಿಮೀಟರಿನಿಂದ 405ಕ್ಕೆ ಅಗಲಗೊಳಿಸಿದಾಗ ತಿರುವುಗಳ ವೇಗ ಏರಿದ್ದಕ್ಕೆ ಇದೂ ಒಂದು ಕಾರಣ.

ಇನ್ನು ಆಯ್ಕೆಯ ಲೆಕ್ಕ. ಟಯರಿನ ಮೇಲೆ 205/55 ಆರ್ 16 ಎಂದಿದ್ದರೆ, ಅಗಲ 205 ಮಿಲಿಮೀಟರು, ಪಕ್ಕದ ಗೋಡೆಯ ಎತ್ತರ ಅದರ ಶೇಕಡಾ 55, ರಿಮ್ಮಿನ ವ್ಯಾಸ 16 ಅಂಗುಲ. ಇಡೀ ಗಾಲಿಯ ಎತ್ತರ ಸುಮಾರು 632 ಮಿಲಿಮೀಟರು. ಇದರ ಬದಲು 225/45 ಆರ್ 17 ಹಾಕಿದರೆ ಎತ್ತರ 634, ವ್ಯತ್ಯಾಸ ಗಣನೆಗಿಲ್ಲ. ಆದರೆ ಅಗ್ಗಕ್ಕೆ ಸಿಕ್ಕಿತೆಂದು 225/50 ಆರ್ 17 ಹಾಕಿಸಿಕೊಂಡವರ ಗಾಲಿ 657 ಆಗುತ್ತದೆ. ಮೀಟರು ನೂರು ತೋರಿಸುವಾಗ ಕಾರು ಮೊದಲಿಗಿಂತ ನಾಲ್ಕು ಕಿಲೋಮೀಟರು ಹೆಚ್ಚು ಓಡುತ್ತಿರುತ್ತದೆ! ರಿಮ್ಮೂ ಟಯರಿಗೆ ಒಪ್ಪಬೇಕು. 225ರ ಟಯರಿಗೆ ಏಳೂವರೆ ಅಂಗುಲದ ರಿಮ್ಮು ಹೇಳಿಮಾಡಿಸಿದ್ದು. ಹಳೆಯ ಆರೂವರೆಯ ರಿಮ್ಮಿಗೇ ಅದನ್ನು ತುರುಕಿದರೆ ಟಯರಿನ ಹೊಟ್ಟೆ ಉಬ್ಬಿ, ಹಣ ಕೊಟ್ಟು ಕೊಂಡ ಬಿಗುವೇ ಹೋಗುತ್ತದೆ. ರಿಮ್ಮು ಒಂದು ಅಂಗುಲ ಅಗಲವಾದರೆ, ಆಫ್‌ಸೆಟ್ ಬದಲಾಗದಿದ್ದಲ್ಲಿ, ಒಳಕ್ಕೂ ಹೊರಕ್ಕೂ ಅರ್ಧರ್ಧ ಅಂಗುಲ ಚಾಚುತ್ತದೆ. ಒಳಗಡೆ ಸಸ್ಪೆನ್ಷನ್ನಿಗೆ ತಾಗುತ್ತದೆಯೇ, ಹೊರಗಡೆ ಮಡ್‌ಗಾರ್ಡಿಗೆ ಉಜ್ಜುತ್ತದೆಯೇ ಎಂದು ಸ್ಟಿಯರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡದೆ ಹಣ ಕೊಡಬಾರದು.

ಇಷ್ಟೆಲ್ಲ ತಿಳಿದೂ ನಾನೊಂದು ತಪ್ಪು ಮಾಡಿದೆ. ಕಳೆದ ವರ್ಷದ ಬೇಸಿಗೆಯಲ್ಲಿ ಒಬ್ಬರು ವಿದ್ಯಾರ್ಥಿ ಟ್ರ್ಯಾಕಿಗೆಂದೇ ಮಾಡಿದ, ಗೀರುಗಳು ಕಡಿಮೆಯಿರುವ ಅಗಲದ ಟಯರು ಕೇಳಿದರು. ಹಳೆಯ ಗಾಲಿಗಳನ್ನು ಅಂಗಡಿಗೇ ಬಿಟ್ಟು ಹೋದರು. ಮಳೆಗಾಲಕ್ಕೆ ಅವನ್ನೇ ಮರಳಿ ಹಾಕಿಸಿಕೊಳ್ಳಿ ಎಂದು ಹೇಳಬೇಕಾಗಿತ್ತು. ನಾಲ್ಕು ಟಯರಿನ ಲಾಭ ಕಣ್ಣೆದುರಿಗಿದ್ದುದರಿಂದ ನಾನು ಬಾಯಿ ಬಿಡಲಿಲ್ಲ. ಜೂನ್ ತಿಂಗಳಲ್ಲಿ ಕಾಪುವಿನ ಬಳಿ ಹೆದ್ದಾರಿ 66ರಲ್ಲಿ ನಿಂತ ನೀರಿನ ಮೇಲೆ ಅವರ ಕಾರು ತೇಲಿ, ಎರಡು ಸುತ್ತು ತಿರುಗಿ, ನಡುವಿನ ಕಟ್ಟೆಗೆ ಬಡಿಯಿತು. ದೇವರ ದಯೆಯಿಂದ ಯಾರಿಗೂ ಪೆಟ್ಟಾಗಲಿಲ್ಲ. ಅಗಲ ಟಯರು ತನ್ನೆದುರಿನ ನೀರನ್ನು ಹೆಚ್ಚು ಅಗಲಕ್ಕೆ ತಳ್ಳಬೇಕು. ಆ ನೀರು ಹರಿದುಹೋಗಲು ಗೀರೇ ಇಲ್ಲದಿದ್ದರೆ ಗಾಲಿ ನೆಲ ಬಿಟ್ಟು ನೀರಿನ ಮೇಲೇರುತ್ತದೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ ಸುರಿಯುವ ಜಿಲ್ಲೆಯಲ್ಲಿ ಹುಟ್ಟಿದ ನನಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಕಾರ್ಕಳದ ಮಿಯಾರಿನಲ್ಲಿ ಕಂಬಳ ನೋಡಿದವರಿಗೆ ನನ್ನ ಮಾತು ಸುಲಭವಾಗಿ ತಿಳಿದೀತು. ಕಂಬಳದ ಕೋಣಗಳಿಗೆ ಹುರುಳಿ ತಿನ್ನಿಸಿ, ಎಣ್ಣೆ ಹಚ್ಚಿ, ಕರೆಯ ಓಟಕ್ಕೆಂದೇ ಸಾಕುತ್ತಾರೆ. ಸಂತೆಗೆ ಹೋಗಲು ಅವನ್ನು ಯಾರೂ ಗಾಡಿಗೆ ಹೂಡುವುದಿಲ್ಲ. ಓಟದ ಗಾಲಿಯೂ ಹಾಗೆಯೇ ಬೇರೆಯಾಗಿರಲಿ. ಎರಡು ಜೊತೆ ಗಾಲಿಗೆ ಹಣವೆಲ್ಲಿ ಎಂದರೆ, ಟ್ರ್ಯಾಕಿಗೆ ಹೋಗುವ ಖರ್ಚನ್ನು ಭರಿಸುವವರ ಬಾಯಲ್ಲಿ ಆ ಪ್ರಶ್ನೆ ಶೋಭಿಸದು. ನಿಜವಾಗಿ ಹಣವಿಲ್ಲದವರು ಅಗಲದ ಆಸೆಯನ್ನೇ ಮುಂದೂಡಲಿ. ನಮ್ಮ ಅಂಗಡಿಯಿಂದ ಕೂಗಳತೆಯಲ್ಲೆಂಬಂತೆ, ಮಣಿಪಾಲದ ಎಂ.ಐ.ಟಿ.ಯಲ್ಲಿ ಫಾರ್ಮುಲಾ ಮಣಿಪಾಲ್ ತಂಡದ ವಿದ್ಯಾರ್ಥಿಗಳು ತಾವೇ ಓಟದ ಕಾರು ಕಟ್ಟುತ್ತಾರೆ. ಅವರು ಹೋಗುವ ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಗಳಲ್ಲಿ ಓಡಿಸಿದರೆ ಸಾಲದು; ಈ ಭಾಗ ಹೀಗೇಕೆಂದು ತೀರ್ಪುಗಾರರು ಕೇಳಿದರೆ ಕಾರಣ ಕೊಡಬೇಕು. ನಮ್ಮ ಗಿರಾಕಿಗಳನ್ನು ಹಾಗೆ ಕೇಳುವವರಿಲ್ಲ.

ಈ ವರ್ಷ ನಾನೇ ಕೇಳಿದೆ. ಅಕ್ಟೋಬರಿನಲ್ಲಿ ಇನ್ನೊಬ್ಬರು ಬಂದು ಅಗಲದ ಟಯರು ಬೇಕೆಂದಾಗ, ಮೊದಲು ಇರುವ ಟಯರಿನಲ್ಲೇ ಒಮ್ಮೆ ಹೋಗಿಬನ್ನಿ, ಸವೆತ ನೋಡಿ ಮಾತಾಡೋಣ ಎಂದೆ. ಅವರು ಹೋದ ಮೇಲೆ ಮಾವ, “ಕೇಳಿದ್ದನ್ನು ಕೊಡುವುದು ನಮ್ಮ ಕೆಲಸ ಮಾರಾಯ, ನಿನ್ನ ಪಾಠ ಕಾಲೇಜಿನಲ್ಲಿರಲಿ” ಎಂದು ಗದರಿದರು. ಆ ಹುಡುಗರು ಕೊಯಮತ್ತೂರಿನಿಂದ ಮರಳಿ ಬಂದರು. ಮುಂದಿನ ಎರಡೂ ಟಯರುಗಳ ಹೊರ ಅಂಚು ಮಾತ್ರ ಸವೆದು, ಒಳ ಅಂಚು ಹೊಸದರಂತೆ ಉಳಿದಿತ್ತು. ಬೇಕಾಗಿದ್ದುದು ಗಾಲಿಯ ಅಗಲವಲ್ಲ, ಅದರ ಓರೆ. ಕ್ಯಾಂಬರ್ ಬೋಲ್ಟು ಹಾಕಿ ಗಾಲಿಯ ಮೇಲ್ತುದಿಯನ್ನು ತುಸು ಒಳಕ್ಕೆ ಓರೆಮಾಡಿ ಕಳುಹಿಸಿದೆವು. ಮಾವ ಬೋಲ್ಟಿನ ಹಣವನ್ನೂ ಅಲೈನ್‌ಮೆಂಟಿನ ಹಣವನ್ನೂ ಎಣಿಸಿ ಪೆಟ್ಟಿಗೆಗೆ ಹಾಕಿದರು. ಅಂದು ರಾತ್ರಿ ಅಂಗಡಿ ಮುಚ್ಚುವವರೆಗೂ ನನ್ನೊಡನೆ ಮಾತಾಡಲಿಲ್ಲ.