ಒಂದು ಒಲೆ, ಎರಡು ಪಥ್ಯ

ಮನುಷ್ಯನು ಬದುಕುವುದಕ್ಕಾಗಿ ತಿನ್ನಬೇಕೋ, ತಿನ್ನುವುದಕ್ಕಾಗಿ ಬದುಕಬೇಕೋ ಎಂಬ ವಿಷಯವನ್ನು ಕುರಿತು ಪ್ರೌಢಶಾಲೆಯ ಚರ್ಚಾಸ್ಪರ್ಧೆಯಲ್ಲಿ ನಾನೂ ಒಮ್ಮೆ ಮಾತನಾಡಿದ್ದೆ. ಬಹುಮಾನ ಬರಲಿಲ್ಲ. ಈಗ ಆ ಪ್ರಶ್ನೆಯೇ ಹಳೆಯದಾಗಿಹೋಗಿದೆ. ಯಾವುದನ್ನು ತಿನ್ನದೆ ಬದುಕಬೇಕು ಎಂಬುದೇ ಇಂದಿನ ಪ್ರಶ್ನೆ. ಅನ್ನವನ್ನು ಬಿಡಬೇಕೆನ್ನುವವರುಂಟು, ರಾಗಿಯನ್ನೂ ಬಿಡಬೇಕೆನ್ನುವವರುಂಟು, ಬಾಳೆಯ ಹಣ್ಣನ್ನು ಕಂಡರೆ ಹಾವನ್ನು ಕಂಡಂತೆ ಹಿಂದೆ ಸರಿಯುವವರೂ ಉಂಟು. ಇವರೆಲ್ಲರ ಪೈಕಿ ಇತ್ತೀಚೆಗೆ ಹೆಚ್ಚಾಗಿ ಕೇಳಿಬರುತ್ತಿರುವ ಹೆಸರು 'ಕೀಟೋ' ಎಂಬ ಪಥ್ಯದ್ದು. ಬೆಂಗಳೂರಿನ ಮಹಡಿಯ ಮನೆಗಳಿಗೆ ಮಾತ್ರ ಸಲ್ಲತಕ್ಕದ್ದೆಂದು ತೋರುವ ಈ ಪಥ್ಯವು ಬಿಕ್ಕೋಡಿನ ನಮ್ಮ ಮನೆಯ ಒಲೆಯವರೆಗೂ ಬಂದಿತ್ತು. ಅದನ್ನು ಕರೆತಂದವಳು ನಾನೇ. ಆ ಅನುಭವವನ್ನೂ, ಅದರಿಂದ ನನಗೆ ಮೂಡಿದ ಅಭಿಪ್ರಾಯವನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ಈ ಪಥ್ಯದ ತತ್ತ್ವವನ್ನು ನೋಡೋಣ. ನಾವು ಉಣ್ಣುವ ಅನ್ನ, ಮುದ್ದೆ, ರೊಟ್ಟಿಗಳಲ್ಲಿರುವ ಶರ್ಕರಪಿಷ್ಟವು ಜೀರ್ಣವಾಗಿ ಸಕ್ಕರೆಯಾಗಿ ರಕ್ತವನ್ನು ಸೇರುತ್ತದೆ. ದೇಹದ ಮುಖ್ಯ ಉರುವಲು ಅದೇ. ಆ ಉರುವಲನ್ನು ದಿನಕ್ಕೆ ಸುಮಾರು 50 ಗ್ರಾಮಿಗಿಂತ ಕೆಳಕ್ಕೆ ಇಳಿಸಿದರೆ, ಕೆಲವು ದಿನಗಳಲ್ಲಿ ದೇಹವು ಬೇರೆ ದಾರಿ ಹಿಡಿಯುತ್ತದೆ. ಯಕೃತ್ತು ಕೊಬ್ಬನ್ನು ಒಡೆದು 'ಕೀಟೋನ್' ಎಂಬ ವಸ್ತುಗಳನ್ನು ತಯಾರಿಸುತ್ತದೆ; ಮೆದುಳು ಕೂಡ ಅವುಗಳಿಂದ ಕೆಲಸ ನಡೆಸಿಕೊಳ್ಳುತ್ತದೆ. ಸೌದೆ ಮುಗಿದಾಗ ತೆಂಗಿನ ಮಟ್ಟೆಯಿಂದ ಒಲೆ ಉರಿಸಿದಂತೆ.

ಇದು ನಿನ್ನೆ ಮೊನ್ನೆ ಹುಟ್ಟಿದ ಹುಚ್ಚೆಂದು ತಿಳಿಯಬೇಕಾಗಿಲ್ಲ. ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಎಂಬಾತ 1863ರಲ್ಲಿಯೇ, ಬ್ರೆಡ್ಡು, ಸಕ್ಕರೆ, ಆಲೂಗೆಡ್ಡೆಗಳನ್ನು ಬಿಟ್ಟು ತಾನು ತೆಳ್ಳಗಾದ ಬಗೆಯನ್ನು ಕಿರುಹೊತ್ತಗೆಯಾಗಿ ಅಚ್ಚು ಹಾಕಿಸಿದ. ಅಮೆರಿಕಾದ ಮೇಯೊ ಆಸ್ಪತ್ರೆಯ ರಸೆಲ್ ವೈಲ್ಡರ್ ಎಂಬ ವೈದ್ಯರು 1921ರಲ್ಲಿ ಮೂರ್ಛೆರೋಗದ ಚಿಕಿತ್ಸೆಗಾಗಿ ಕೀಟೋ ಪಥ್ಯವನ್ನು ಸೂಚಿಸಿದರು. ಔಷಧಗಳಿಗೆ ಬಗ್ಗದ ಮೂರ್ಛೆರೋಗದ ಮಕ್ಕಳಿಗೆ ಇಂದಿಗೂ ವೈದ್ಯರ ಮೇಲ್ವಿಚಾರಣೆಯಲ್ಲಿ ಅದನ್ನು ಕೊಡುವುದುಂಟು. ಸಿಹಿಮೂತ್ರ ರೋಗದ ವಿಚಾರದಲ್ಲಿಯೂ ಇದು ನಿರುಪಯೋಗಿಯಲ್ಲ. ಇಪ್ಪತ್ತಕ್ಕೂ ಹೆಚ್ಚು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ಒಂದು ಸಮೀಕ್ಷೆ 2021ರಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಶರ್ಕರಪಿಷ್ಟವನ್ನು ಕಡಿಮೆ ಮಾಡಿದವರಿಗೆ ಆರು ತಿಂಗಳಲ್ಲಿ ಒಳ್ಳೆಯ ಫಲ ಕಂಡುಬಂದಿತೆಂದೂ, ಹನ್ನೆರಡು ತಿಂಗಳ ಹೊತ್ತಿಗೆ ಆ ಹೆಚ್ಚಳ ಬಹುಮಟ್ಟಿಗೆ ಕುಗ್ಗಿತೆಂದೂ ಅದು ತಿಳಿಸಿತು. ಮೊದಲ ಅರ್ಧವನ್ನು ನಾನು ಓದಿದೆ. ಎರಡನೆಯ ಅರ್ಧವನ್ನು ಓದಲಿಲ್ಲ.

ಇನ್ನು ನಮ್ಮ ಮನೆಯ ವಿಚಾರ. ಅಪ್ಪ, ಅವ್ವ, ಅಜ್ಜಿ, ತಮ್ಮ, ನಾನು—ಐದು ಜನ. ಅವ್ವ ಕಾಫಿ ತೋಟದ ಕೆಲಸಕ್ಕೆ ಹೋಗುತ್ತಾಳೆ. ಬೆಳಿಗ್ಗೆ ಐದಕ್ಕೆ ಎದ್ದು ರೊಟ್ಟಿ ತಟ್ಟಿ, ಮುದ್ದೆ ತಿರುವಿ, ನನಗೂ ತಮ್ಮನಿಗೂ ಡಬ್ಬಿ ಕಟ್ಟಿ, ಅಜ್ಜಿಗೆ ಬಿಸಿನೀರಿಟ್ಟು ತೋಟಕ್ಕೆ ಹೊರಡುತ್ತಾಳೆ. ನಮ್ಮ ಹೋಬಳಿಯಲ್ಲಿ ಕಾಡಾನೆಗಳ ಸಂಚಾರ ವಾಚಕರಿಗೆ ತಿಳಿದದ್ದೇ. ಆನೆ ತೋಟಕ್ಕೆ ಇಳಿದಿದೆಯೆಂಬ ಸುದ್ದಿ ಬಂದರೆ ಕೆಲಸ ಆರಂಭವಾಗುವುದು ತಡ; ಕೆಲಸ ತಡವಾದರೆ ಊಟವೂ ತಡ. ಎರಡು ವರ್ಷಗಳ ಹಿಂದೆ ಅವ್ವನಿಗೆ ಸಕ್ಕರೆ ಕಾಯಿಲೆಯಿದೆಯೆಂದು ಪರೀಕ್ಷೆಯಲ್ಲಿ ಗೊತ್ತಾಯಿತು. 2023ರಲ್ಲಿ ಪ್ರಕಟವಾದ ಐ.ಸಿ.ಎಂ.ಆರ್. ಸಮೀಕ್ಷೆಯೊಂದರ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಜನಕ್ಕೆ ಈ ಕಾಯಿಲೆಯುಂಟು. ಹತ್ತು ಕೋಟಿ ಎಂಬುದು ಪತ್ರಿಕೆಯ ಅಂಕಿ. ಅವರಲ್ಲಿ ಒಬ್ಬಳು ಅವ್ವ ಎಂದಾಗ ಮಾತ್ರ ಅದು ಎದೆಗೆ ತಾಗುತ್ತದೆ.

ನಮ್ಮ ಮನೆಯಲ್ಲಿ ಎಸ್.ಎಸ್.ಎಲ್.ಸಿ. ದಾಟಿದವಳು ನಾನೊಬ್ಬಳೇ. ಆದ್ದರಿಂದ ರೇಷನ್ ಕಾರ್ಡು, ಬ್ಯಾಂಕಿನ ಪುಸ್ತಕ, ಔಷಧದ ಚೀಟಿ ಇವೆಲ್ಲವನ್ನೂ ಓದಿ ಹೇಳುವ ಅಧಿಕಾರ ನನಗೆ ತಾನಾಗಿಯೇ ಬಂದಿದೆ. ಕಳೆದ ವರ್ಷ ಕಾಫಿ ಹಣ್ಣಿನ ಕೊಯ್ಲಿನ ಕಾಲದಲ್ಲಿ, ಮೊಬೈಲಿನಲ್ಲಿ ನಾಲ್ಕಾರು ದಿನ ಓದಿ, ಅವ್ವ ಇನ್ನು ಮುಂದೆ ಕೀಟೋ ಪಥ್ಯ ಮಾಡಬೇಕೆಂದು ತೀರ್ಪು ಕೊಟ್ಟೆ. ಲೆಕ್ಕವನ್ನೂ ಹಾಕಿದೆ. ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಶರ್ಕರಪಿಷ್ಟ ಸುಮಾರು 70 ಗ್ರಾಂ. ಅಂದರೆ ಒಂದು ಒಳ್ಳೆಯ ಮುದ್ದೆಯಲ್ಲಿಯೇ ದಿನದ ಲೆಕ್ಕ ಮೀರಿಹೋಯಿತು. ಒಂದು ಅಕ್ಕಿರೊಟ್ಟಿಯೂ ಹೆಚ್ಚು ಕಡಿಮೆ ಅಷ್ಟೇ. ಆದ್ದರಿಂದ ಮುದ್ದೆ ಇಲ್ಲ, ರೊಟ್ಟಿ ಇಲ್ಲ, ಅನ್ನ ಇಲ್ಲ. ಮೊಟ್ಟೆ, ತೆಂಗಿನಕಾಯಿ, ಸೊಪ್ಪು, ಎಲೆಕೋಸು ಇಷ್ಟೇ.

ಅವ್ವ ಒಂದೇ ಒಂದು ಮಾತು ಕೇಳಿದಳು: "ನಾನೊಬ್ಳು ಮುದ್ದೆ ಬಿಟ್ರೆ, ಮುದ್ದೆ ತಿರುವೋದೇನು ತಪ್ತದಾ ಮಗ?" ಆ ಪ್ರಶ್ನೆಯ ಭಾರ ನನಗೆ ಆಗ ತಿಳಿಯಲಿಲ್ಲ. "ಓದಿದವಳು ಹೇಳ್ತಾಳೆ, ಇರ್ಲಿ" ಎಂದು ಅಜ್ಜಿಯೂ ನನ್ನ ಪಕ್ಷವನ್ನೇ ವಹಿಸಿದಳು.

ಅಂದಿನಿಂದ ಒಂದೇ ಒಲೆಯ ಮೇಲೆ ಎರಡು ಅಡಿಗೆ. ನಮ್ಮ ನಾಲ್ವರಿಗೆ ಎಂದಿನಂತೆ, ಅವ್ವನಿಗೆ ಬೇರೆ. ಎರಡನ್ನೂ ಮಾಡುವವಳು ಅವ್ವನೇ. ಐದಕ್ಕೆ ಏಳುತ್ತಿದ್ದವಳು ನಾಲ್ಕೂವರೆಗೆ ಎದ್ದಳು. ದಿನಕ್ಕೆ ನಾಲ್ಕು ಮೊಟ್ಟೆ ಬೇಕು. ಒಂದಕ್ಕೆ ಆರೇಳು ರೂಪಾಯಿ. ತಮ್ಮನ ಕಣ್ಣು ಮೊಟ್ಟೆಯ ಮೇಲೆ. ಮಗನಿಗೆ ಎರಡು ಕೊಟ್ಟು, ತಾನು ಎರಡರಲ್ಲಿ ಮುಗಿಸಿ ತೋಟಕ್ಕೆ ಹೋಗುತ್ತಿದ್ದಳೆಂಬುದು ನಮಗೆ ಆಮೇಲೆ ತಿಳಿಯಿತು. ಮೊದಲ ವಾರದಲ್ಲಿ ತೂಕ ಇಳಿಯಿತು. ನಾನು ಹಿಗ್ಗಿದೆ. ಆರಂಭದಲ್ಲಿ ಇಳಿಯುವ ತೂಕದಲ್ಲಿ ಬಹುಪಾಲು ನೀರೇ ಎಂಬುದನ್ನು ಅರಿತವರು ನನಗೆ ಹೇಳಲಿಲ್ಲ. ನಾನು ಯಾರನ್ನೂ ಕೇಳಲೂ ಇಲ್ಲ.

ಹತ್ತನೆಯ ದಿನ ತೋಟದಲ್ಲಿ ಅವ್ವನಿಗೆ ಮೈ ಬೆವೆತು, ಕೈ ನಡುಗಿ, ಕಣ್ಣು ಕತ್ತಲಿಟ್ಟಿತು. ಹಣ್ಣಿನ ಚೀಲದ ಮೇಲೆಯೇ ಕುಸಿದಳಂತೆ. ಜೊತೆಯ ಹೆಂಗಸೊಬ್ಬರು ತಮ್ಮ ಬೆಲ್ಲದ ಕಾಫಿಯನ್ನು ಕುಡಿಸಿದರು. ಆ ತಾಯಿ ಶಾಲೆಗೆ ಹೋದವರಲ್ಲ. ಆ ದಿನ ಅವ್ವನನ್ನು ಉಳಿಸಿದ್ದು ಅವರ ಬೆಲ್ಲವೇ ಹೊರತು ನನ್ನ ಓದಲ್ಲ.

ವೈದ್ಯರು ಕೇಳಿದ ಮೊದಲ ಪ್ರಶ್ನೆ: "ಮಾತ್ರೆ ತೆಗೆದುಕೊಳ್ಳುತ್ತಲೇ ಊಟ ಬಿಟ್ಟಿರಾ?" ಹೌದು. ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳು ದೇಹದಲ್ಲಿ ಇನ್ಸುಲಿನ್ ಹೆಚ್ಚು ಸುರಿಯುವಂತೆ ಮಾಡುತ್ತವೆ. ಹೊಟ್ಟೆಗೆ ಪಿಷ್ಟವೇ ಬೀಳದಿರುವಾಗ ಅದೇ ಮಾತ್ರೆ ಅದೇ ಪ್ರಮಾಣದಲ್ಲಿ ನಡೆದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯುತ್ತದೆ. ಇನ್ನೊಂದು ಬಗೆಯ ಮಾತ್ರೆಗಳುಂಟು. ಅವನ್ನು ನುಂಗುವವರು ಈ ಪಥ್ಯ ಹಿಡಿದರೆ, ಸಕ್ಕರೆ ಹೆಚ್ಚಾಗಿ ಏರದಿದ್ದರೂ ರಕ್ತವು ಆಮ್ಲಮಯವಾಗುವ ಅಪಾಯವಿದೆ. ಆದ್ದರಿಂದ ಮಾತ್ರೆ ನುಂಗುವವರು, ಇನ್ಸುಲಿನ್ ಚುಚ್ಚಿಸಿಕೊಳ್ಳುವವರು, ಗರ್ಭಿಣಿಯರು, ಮೂತ್ರಪಿಂಡದ ತೊಂದರೆಯಿರುವವರು ವೈದ್ಯರನ್ನು ಕೇಳದೆ ಇಂಥ ಪಥ್ಯಕ್ಕೆ ಕೈಹಾಕಲೇಬಾರದು. ಈ ಲೇಖನದಲ್ಲಿ ಬೇರೇನನ್ನು ಮರೆತರೂ ಇದೊಂದನ್ನು ಮರೆಯದಿರಿ ಎಂದು ಸಹಪಾಠಿಗಳಲ್ಲಿ ನನ್ನ ಕಳಕಳಿಯ ಬೇಡಿಕೆ.

ಹಾಗಾದರೆ ಪಥ್ಯವೇ ತಪ್ಪೆ? ಹಾಗೆಂದು ನಾನು ಹೇಳಲಾರೆ. ನಮ್ಮ ತಟ್ಟೆಯಲ್ಲಿ ಪಿಷ್ಟ ಅತಿಯಾಗಿದೆಯೆಂಬುದು ನಿಜ. ಭಾರತೀಯರು ತಮಗೆ ಬೇಕಾದ ಶಕ್ತಿಯಲ್ಲಿ ನೂರಕ್ಕೆ 62 ಪಾಲನ್ನು ಶರ್ಕರಪಿಷ್ಟದಿಂದಲೇ ಪಡೆಯುತ್ತಾರೆಂದು 2025ರಲ್ಲಿ ಪ್ರಕಟವಾದ ಐ.ಸಿ.ಎಂ.ಆರ್. ಅಧ್ಯಯನ ತಿಳಿಸಿದೆ. ಆದರೆ ಅದು ಯಾರ ತಟ್ಟೆಯಲ್ಲಿ, ಏತಕ್ಕೆ ಅತಿಯಾಯಿತು ಎಂದು ಕೇಳುವುದು ಬೇಡವೆ?

ಆ ಘಟನೆಯಾದ ಮೇಲೆ ನಾನು ಒಂದು ವಾರ ಅವ್ವ ಊಟ ಮಾಡುವುದನ್ನು ನೋಡಿದೆ. ಇಪ್ಪತ್ತು ವರ್ಷ ಅವಳ ಕೈಯ ಅನ್ನ ತಿಂದವಳು, ಅವಳು ತಿನ್ನುವುದನ್ನು ಒಮ್ಮೆಯೂ ನೋಡಿರಲಿಲ್ಲ. ಎಲ್ಲರ ಊಟ ಮುಗಿದ ಮೇಲೆ ಅವಳ ಊಟ. ಅಷ್ಟು ಹೊತ್ತಿಗೆ ಅವರೆಕಾಳಿನ ಸಾರಿನಲ್ಲಿ ಕಾಳು ಇರುವುದಿಲ್ಲ. ತಿಳಿಯಾದ ಸಾರು ಮಾತ್ರ. ಪಲ್ಯದ ಪಾತ್ರೆ ಬರಿದು. ಉಳಿದಿರುವುದು ಎರಡು ಮುದ್ದೆ. ವ್ಯರ್ಥವಾಗಬಾರದೆಂದು ಎರಡನ್ನೂ ನುಂಗುತ್ತಾಳೆ. ಕಾಳು ನಮಗೆ, ಸಾರು ಅವಳಿಗೆ. ಸಸಾರಜನಕ ನಮಗೆ, ಪಿಷ್ಟ ಅವಳಿಗೆ. ಅವಳ ಸಕ್ಕರೆ ಏರುವುದಕ್ಕೆ ಇರುವ ಕಾರಣಗಳಲ್ಲಿ ಒಂದು ನಮ್ಮ ಮನೆಯ ಪಂಕ್ತಿಯಲ್ಲಿಯೇ ಇತ್ತು. ಅದನ್ನು ಬಿಟ್ಟು ನಾನು ಮೇಯೊ ಆಸ್ಪತ್ರೆಯವರೆಗೆ ಹೋಗಿದ್ದೆ!

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಐದು ಜನರಿರುವ, ಒಂದೇ ಒಲೆಯಿರುವ ಮನೆಯಲ್ಲಿ ಪಥ್ಯವೆಂಬುದು ಒಬ್ಬರಿಗಾಗಿ ಇರಲಾರದು. ಒಬ್ಬರ ಪಥ್ಯ ನಡೆಯಬೇಕಾದರೆ ಮನೆಯ ಊಟವೇ ಸ್ವಲ್ಪ ಬದಲಾಗಬೇಕು. ಇಲ್ಲದಿದ್ದರೆ ಅಡಿಗೆ ಮಾಡುವವರಿಗೆ ಪಥ್ಯವೂ ಒಂದು ಹೆಚ್ಚಿನ ಕೂಲಿ.

ಈಗ ನಮ್ಮ ಮನೆಯಲ್ಲಿ ನಡೆದಿರುವ ಏರ್ಪಾಡು ಕೀಟೋ ಅಲ್ಲ; ವೈದ್ಯರನ್ನು ಕೇಳಿಯೇ ಮಾಡಿಕೊಂಡದ್ದು. ಎಲ್ಲರ ಮುದ್ದೆಯೂ ಮೊದಲಿನ ಅರ್ಧದಷ್ಟು. ಸಾರಿಗೆ ಕಾಳು ಒಂದು ಹಿಡಿ ಹೆಚ್ಚು: ಅವರೆ, ಹುರುಳಿ, ಹೆಸರು, ಅಲಸಂದೆ, ಯಾವ ಕಾಲಕ್ಕೆ ಯಾವುದು ಅಗ್ಗವೋ ಅದು. ಹಿತ್ತಲಿನ ಸೊಪ್ಪು ದಿನವೂ. ಮೊಟ್ಟೆ ತಂದ ದಿನ ಎಲ್ಲರಿಗೂ ಒಂದೊಂದು. ಸಕ್ಕರೆ ಹಾಕದ ಕಾಫಿಯನ್ನು ನಾವೆಲ್ಲರೂ ಕಲಿತೆವು. ಅಜ್ಜಿ ಮಾತ್ರ ಒಪ್ಪಿಲ್ಲ. ಮುಖ್ಯವಾದದ್ದು ಇದು: ರಾತ್ರಿಯ ಊಟಕ್ಕೆ ಐವರೂ ಒಟ್ಟಿಗೆ ಕೂರುತ್ತೇವೆ, ಮೊದಲ ಸೌಟಿನ ಕಾಳು ಅವ್ವನ ತಟ್ಟೆಗೆ. ಬೆಳಗಿನ ರೊಟ್ಟಿ ತಟ್ಟುವುದು ನನ್ನ ಕೆಲಸ, ಪಾತ್ರೆ ತೊಳೆಯುವುದು ತಮ್ಮನದು. ನನ್ನ ರೊಟ್ಟಿ ಇನ್ನೂ ದುಂಡಗಾಗಿಲ್ಲ. ಕಳೆದ ತಪಾಸಣೆಯಲ್ಲಿ ಅವ್ವನ ಸಕ್ಕರೆ ಮೊದಲಿಗಿಂತ ಇಳಿದಿತ್ತು. ಪೂರ್ತಿ ಗುಣವಾಯಿತೆಂದಲ್ಲ, ಮಾತ್ರೆ ನಡೆಯುತ್ತಲೇ ಇದೆ.

ಸರ್ಕಾರದ ಪಾತ್ರೆಯ ಬಗೆಗೂ ಎರಡು ಮಾತು ಹೇಳಬೇಕು. ಬಡವರ ಮನೆಯ ಪಥ್ಯವನ್ನು ನಿರ್ಧರಿಸುವುದು ನ್ಯಾಯಬೆಲೆ ಅಂಗಡಿ. 2013ರಲ್ಲಿ ಆರಂಭವಾದ ಅನ್ನಭಾಗ್ಯ ಯೋಜನೆ ಹಸಿವನ್ನು ನೀಗಿಸಿತು. ಅದರ ಅಕ್ಕಿಯಿಂದ ಬೆಳೆದವಳು ನಾನು, ಅದನ್ನು ಹಳಿಯುವ ಕೃತಘ್ನತೆ ನನಗೆ ಬೇಡ. ಆದರೆ ಅಕ್ಕಿ ಉಚಿತವಾಗಿ ಸಿಕ್ಕು, ಕಾಳು ಮೊಟ್ಟೆಗಳಿಗೆ ಹಣ ತೆರಬೇಕಾದಲ್ಲಿ ತಟ್ಟೆಯಲ್ಲಿ ಯಾವುದು ಹೆಚ್ಚುತ್ತದೆಂದು ಬೇರೆ ಹೇಳಬೇಕೆ? ಹೆಚ್ಚುವರಿ ಐದು ಕಿಲೋ ಅಕ್ಕಿಯ ಬದಲಿಗೆ ಬೇಳೆ, ಎಣ್ಣೆ, ಸಕ್ಕರೆ, ಉಪ್ಪುಗಳ ಕಿಟ್ ಕೊಡಬೇಕೆಂದು ರಾಜ್ಯದ ಮಂತ್ರಿಮಂಡಲವು 2025ರ ಅಕ್ಟೋಬರಿನಲ್ಲಿ ತೀರ್ಮಾನಿಸಿತು. ಬೇಳೆಯ ಮಾತು ಬಂದುದು ಸಂತೋಷ. ಆ ಸಕ್ಕರೆಯ ಜಾಗದಲ್ಲಿ ಇನ್ನೊಂದಿಷ್ಟು ಕಾಳನ್ನು ಇಟ್ಟಿದ್ದರೆ ಅವ್ವನಂಥವರು ಹರಸುತ್ತಿದ್ದರು.

ಕನಕದಾಸರ 'ರಾಮಧಾನ್ಯ ಚರಿತೆ'ಯಲ್ಲಿ ಅಕ್ಕಿಗೂ ರಾಗಿಗೂ ಜಗಳವಾಗಿ, ಯಾರು ಹೆಚ್ಚೆಂದು ತಿಳಿಯಲು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾರೆ. ಕೆಡದೆ ಉಳಿದ ರಾಗಿಗೆ ಶ್ರೀರಾಮನ ಮನ್ನಣೆ ದೊರೆಯುತ್ತದೆ. ಗೆದ್ದ ರಾಗಿಯನ್ನೂ ಸೋತ ಅಕ್ಕಿಯನ್ನೂ ಒಟ್ಟಿಗೆ ಮನೆಯಿಂದ ಹೊರಹಾಕಲು ನಾನು ಹೊರಟಿದ್ದೆ. ಈಗ ತಿಳಿದದ್ದೇನೆಂದರೆ ಜಗಳ ಧಾನ್ಯಗಳದಲ್ಲ, ಬಡಿಸುವ ಕ್ರಮದ್ದು.

ನಮ್ಮಲ್ಲಿ ಅನೇಕರು ತಮ್ಮ ಮನೆಗಳಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರು. ನಾವು ಹೇಳಿದ್ದನ್ನು ಮನೆಯವರು ಪ್ರಶ್ನಿಸುವುದಿಲ್ಲ. "ಓದಿದವರು" ಎಂಬ ಒಂದೇ ಮಾತಿಗೆ ತಲೆಬಾಗುತ್ತಾರೆ. ಆ ನಂಬಿಕೆ ಪದವಿಗಿಂತ ದೊಡ್ಡದು. ಅದನ್ನು ಪಡೆದವರು ಆಜ್ಞೆ ಮಾಡುವ ಮೊದಲು ಪೂರ್ತಿ ಓದಬೇಕು, ಬಲ್ಲವರನ್ನು ಕೇಳಬೇಕು. ಎಲ್ಲಕ್ಕೂ ಮೊದಲು, ಅಡಿಗೆಮನೆಯಲ್ಲಿ ಒಂದು ವಾರ ಕೂತು ನೋಡಬೇಕು. ಅವ್ವ ಅಂದು ಕೇಳಿದ ಪ್ರಶ್ನೆಗೆ ನಾನು ಇಂದು ಉತ್ತರ ಕೊಡಬಲ್ಲೆ: ಮುದ್ದೆ ತಿರುವುವುದು ತಪ್ಪುವುದಿಲ್ಲ, ಆದರೆ ಆ ಕೋಲನ್ನು ಹಿಡಿಯಲು ಮನೆಯಲ್ಲಿ ಇನ್ನೂ ನಾಲ್ಕು ಜೊತೆ ಕೈಗಳಿವೆ.