ಕಲ್ಲು ಹುಡುಗನ ಕೈಯಲ್ಲಿ, ಹೊಣೆ ಯಾರ ತಲೆಯ ಮೇಲೆ?



ಈ ಸಲದ ಸಂಪಾದಕೀಯದಲ್ಲಿ ಬೈಗುಳ ಬೇರೆಯವರಿಗಲ್ಲ, ನಮಗೇ. ದೆಹಲಿಗೆ ಬೈಯುವುದು, ವಿಧಾನಸೌಧಕ್ಕೆ ಬೈಯುವುದು ಈ ಪತ್ರಿಕೆಗೆ ಹೊಸದಲ್ಲ. ಮುಂದಿನ ಸಂಚಿಕೆಯಲ್ಲಿ ಅದೂ ಇರುತ್ತದೆ. ಇವತ್ತು ಮಾತ್ರ ನಮ್ಮನ್ನು ನಾವೇ ಒಂದು ಮಾತು ಕೇಳಿಕೊಳ್ಳೋಣ. ಕನ್ನಡದ ಹೆಸರು ಹೇಳಿಕೊಂಡು ಒಬ್ಬ ಹುಡುಗ ಕಲ್ಲು ಎತ್ತಿದರೆ, ಬಸ್ಸಿಗೆ ಬೆಂಕಿ ಇಟ್ಟರೆ, ಅದರ ಹೊಣೆ ಯಾರದು?

"ಹೆತ್ತವರದು" ಎಂದು ಥಟ್ಟನೆ ಹೇಳುತ್ತೀರಿ. ಟಿ.ವಿ.ಯಲ್ಲಿ ಕೂತವರೂ ಅದನ್ನೇ ಹೇಳುತ್ತಾರೆ, ಠಾಣೆಯ ಸಾಹೇಬರೂ ಅದನ್ನೇ ಹೇಳುತ್ತಾರೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತ ಗಾದೆ ಒಗೆದು ಕೈ ತೊಳೆದುಕೊಳ್ಳುತ್ತಾರೆ. ಸ್ವಾಮಿ, ಅಷ್ಟು ಸುಲಭಕ್ಕೆ ಮುಗಿಯುವ ಮಾತಲ್ಲ ಇದು. ನನಗೆ ಗೊತ್ತಿರುವುದನ್ನು ಹೇಳುತ್ತೇನೆ ಕೇಳಿ.

ನಾನು ಉಯ್ಯಂಬಳ್ಳಿಯವನು. ಪಿ.ಯು.ಸಿ.ಗೇ ಓದು ಮುಗಿಸಿ ಅಚ್ಚಿನ ಮನೆ ಸೇರಿದವನು. ಸಂಗಮ, ಮೇಕೆದಾಟು ನಮ್ಮ ಹೋಬಳಿಯ ಕಡೆಯವೇ. ಕಾವೇರಿ ನಮಗೆ ಪೇಪರಿನ ಸುದ್ದಿಯಲ್ಲ, ಕಣ್ಣೆದುರೇ ಇಳಿದು ಹೋಗುವ ನೀರು. ಅದಕ್ಕೇ ಕಾವೇರಿ ಎಂದರೆ ನಮ್ಮ ಹುಡುಗರ ನೆತ್ತರು ಬೇಗ ಕುದಿಯುತ್ತದೆ. ನನ್ನದೂ ಕುದಿಯುತ್ತದೆ.

2016ರ ಸೆಪ್ಟೆಂಬರ್ 5ರಂದು, ಗಣೇಶನ ಹಬ್ಬದ ದಿನವೇ, ಸುಪ್ರೀಂ ಕೋರ್ಟು ತಮಿಳುನಾಡಿಗೆ ದಿನಕ್ಕೆ 15,000 ಕ್ಯೂಸೆಕ್‌ನಂತೆ 10 ದಿನ ನೀರು ಬಿಡಿ ಎಂದಿತು. 9ನೇ ತಾರೀಖು ಕರ್ನಾಟಕ ಬಂದ್. ಬಂದ್‌ನ ಕರಪತ್ರಗಳು ನನ್ನ ಪ್ರೆಸ್ಸಿನಲ್ಲೂ ಅಚ್ಚಾದವು. "ರಕ್ತ ಕೊಟ್ಟೇವು, ನೀರು ಬಿಡೆವು" ಎಂಬ ಸಾಲನ್ನು ಕೆಂಪು ಇಂಕಿನಲ್ಲಿ ಹಾಕಿದವನು ನಾನು. ಬರೆದು ತಂದವರು ಚಿಕ್ಕದಾಗಿಯೇ ಬರೆದಿದ್ದರು. ಇನ್ನೂ ದಪ್ಪ ಅಕ್ಷರ ಇರಲಿ ಎಂದವನೂ ನಾನೇ. ಯಾರ ರಕ್ತ ಎಂದು ಕೇಳಲಿಲ್ಲ. ಮೇಲೆ ಅಧ್ಯಕ್ಷರ ಫೋಟೋ ಇತ್ತು, ಕೆಳಗೆ ಪದಾಧಿಕಾರಿಗಳ ಹೆಸರುಗಳಿದ್ದವು, ಅದರ ಅಡಿಯಲ್ಲಿ ಪದ್ಧತಿಯಂತೆ ನನ್ನ ಪ್ರೆಸ್ಸಿನ ಹೆಸರಿತ್ತು. ರಕ್ತ ಕೊಡುವವನ ಹೆಸರು ಮಾತ್ರ ಎಲ್ಲೂ ಇರಲಿಲ್ಲ!

ಬಂದ್ ಹೆಚ್ಚೇನೂ ಅನಾಹುತವಿಲ್ಲದೆ ಮುಗಿಯಿತು. ಮುಂದೆ ನಿಂತವರು ಇದ್ದರು, ಸಂಜೆಗೆ ಸಾಕು ಎಂದವರೂ ಇದ್ದರು. ಅನಾಹುತ ಶುರುವಾದದ್ದು ಆಮೇಲೆ. ಫೇಸ್‌ಬುಕ್ಕಿನಲ್ಲಿ ಏನೋ ಬರೆದ ಅಂತ ಬೆಂಗಳೂರಿನಲ್ಲಿ ಓದುತ್ತಿದ್ದ ತಮಿಳು ಹುಡುಗನೊಬ್ಬನನ್ನು ಹಿಡಿದು, ಹೊಡೆದು, ಮಂಡಿಯೂರಿಸಿ ಕ್ಷಮೆ ಕೇಳಿಸಿದರು. ಅದನ್ನು ವಿಡಿಯೋ ಬೇರೆ ಮಾಡಿದರು. ಒಬ್ಬನಿಗೆ ಹತ್ತು ಜನ. ಇದೇನು ಕಲಿತನವೇ? ಸೆಪ್ಟೆಂಬರ್ 12ರ ಬೆಳಿಗ್ಗೆ ಚೆನ್ನೈನಲ್ಲಿ ಕನ್ನಡಿಗರ ಹೋಟೆಲಿನ ಮೇಲೆ ದಾಳಿಯಾಯಿತು. ರಾಮೇಶ್ವರದಲ್ಲಿ ಕರ್ನಾಟಕದ ಗಾಡಿಗಳನ್ನು ನಿಲ್ಲಿಸಿ ಡ್ರೈವರ್‌ಗಳಿಗೆ ಹೊಡೆದರು. ಇಲ್ಲಿ ಕೈ ಎತ್ತಿದವನು ಒಬ್ಬ, ಅಲ್ಲಿ ಪೆಟ್ಟು ತಿಂದವನು ಹೊಟ್ಟೆಪಾಡಿಗೆ ಸ್ಟೀರಿಂಗ್ ಹಿಡಿದ ಇನ್ನೊಬ್ಬ.

ಅವತ್ತೇ ಮಧ್ಯಾಹ್ನ ಬೆಂಗಳೂರು ಹೊತ್ತಿಕೊಂಡಿತು. ಮೈಸೂರು ರಸ್ತೆಯ ನಾಯಂಡಹಳ್ಳಿ ಹತ್ತಿರದ ಡಿಪೋದಲ್ಲಿ ನಲವತ್ತರ ಸುಮಾರು ಬಸ್ಸುಗಳು ಬೂದಿಯಾದವು. 16 ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ ಹಾಕಿದರು. ಹೆಗ್ಗನಹಳ್ಳಿಯಲ್ಲಿ ಪೊಲೀಸರ ಗುಂಡಿಗೆ 25ರ ಯುವಕನೊಬ್ಬ ಸತ್ತ. ಸತ್ತವನು ಯಾವ ಅಧ್ಯಕ್ಷನೂ ಅಲ್ಲ, ಯಾವ ಪದಾಧಿಕಾರಿಯೂ ಅಲ್ಲ. ಗುಂಡು ಹುಡುಕಿಕೊಂಡು ಹೋದದ್ದು ಎಂದಿನಂತೆ ಕೂಲಿನಾಲಿ ಮಾಡುವವರ ಬೀದಿಗೆ!

ನೂರಾರು ಜನರನ್ನು ಹಿಡಿದರು. ಅವರಲ್ಲಿ ನಮ್ಮ ಕಡೆಯ ಒಬ್ಬ ಹುಡುಗನೂ ಇದ್ದ. ಹತ್ತೊಂಬತ್ತು ವರ್ಷ, ಪೀಣ್ಯದ ಕಡೆ ಒಂದು ಸಣ್ಣ ಕಾರ್ಖಾನೆಯಲ್ಲಿ ಹೆಲ್ಪರ್ ಕೆಲಸ. ಗೌರಿ ಹಬ್ಬಕ್ಕೆ ಊರಿಗೆ ಬಂದಿದ್ದವನು ವಾಪಸ್ ಹೋಗುವಾಗ ನನ್ನ ಪ್ರೆಸ್ಸಿನಿಂದಲೇ ಕರಪತ್ರದ ಕಟ್ಟೊಂದನ್ನು ಒಯ್ದಿದ್ದ. ಸಿಕ್ಕಿಬಿದ್ದಾಗ ಕೊರಳಲ್ಲಿ ಕೆಂಪು-ಹಳದಿ ಶಾಲು ಇತ್ತು. ಶಾಲು ಹಾಕಿದ್ದ ಸಂಘದವರು ಏನಂದರು ಗೊತ್ತೇ? "ಅವನು ನಮ್ಮ ಸದಸ್ಯನೇ ಅಲ್ಲ!"

ಅವನ ತಾಯಿ ರೇಷ್ಮೆಹುಳ ಸಾಕಿ ಬದುಕುವವಳು. ರಾತ್ರಿ ಎಂಟೋ ಒಂಬತ್ತೋ ಆಗಿತ್ತು, ನನ್ನ ಮನೆ ಬಾಗಿಲಿಗೆ ಬಂದಳು. ಕೈಯಲ್ಲಿ ಮಡಚಿದ ಕರಪತ್ರ. ಆಕೆಗೆ ಓದು ಬರದು, ಯಾರ ಕೈಲೋ ಓದಿಸಿಕೊಂಡು ಬಂದಿದ್ದಾಳೆ. "ಇದ್ರಲ್ಲಿ ನಿಮ್ ಹೆಸ್ರೈತಂತೆ ಕನಣ್ಣ, ಅದ್ಕೇ ಬಂದೆ. ನಮ್ ಹುಡ್ಗನ ಜಾಮೀನಿಗೆ ಬನ್ನಿ" ಅಂದಳು.

ನಾನು ಏನಂದೆ? "ನಾಳೆ ನೋಡಾನ ಕನಕ್ಕ" ಅಂದೆ. ನಾಳೆ ನಾನು ಹೋಗಲಿಲ್ಲ. ಪ್ರೆಸ್ಸಿಗೆ ಪೊಲೀಸರು ಬಂದಾರು ಎಂಬ ಹೆದರಿಕೆ. ವಾರ ಕಳೆದ ಮೇಲೆ ಹೋದೆ, ಓಡಾಡಿದೆ, ಅದು ಬೇರೆ ಮಾತು. ಅಷ್ಟರಲ್ಲಿ ಆಕೆ ಗೂಡು ಮಾರಿದ ದುಡ್ಡು ವಕೀಲರ ಕೈ ಸೇರಿತ್ತು. ಹುಡುಗನ ಕೆಲಸ ಹೋಗಿತ್ತು. ಆಮೇಲೆ ವರ್ಷಗಟ್ಟಲೆ ಕೋರ್ಟಿನ ತಾರೀಖು. ಕಲ್ಲು ಎಸೆದೆಯಾ ಎಂದು ಒಮ್ಮೆ ಕೇಳಿದೆ. "ಒಂದೇ ಒಂದು ಅಣ್ಣ, ಎಲ್ರೂ ಎಸೀತಿದ್ರು" ಅಂದ.

ಈಗ ಹೇಳಿ, ಹೆತ್ತವರ ಹೊಣೆ ಎಷ್ಟು? ನೂರು ಕಿಲೋಮೀಟರ್ ಆಚೆ ಹಿಪ್ಪುನೇರಳೆ ಸೊಪ್ಪು ಕುಯ್ಯುತ್ತಿದ್ದ ಆ ತಾಯಿ ಪೀಣ್ಯದ ರಸ್ತೆಯಲ್ಲಿ ಮಗನ ಕೈ ಹಿಡಿಯುವುದು ಹೇಗೆ? ನಮ್ಮ ಹಳ್ಳಿಗಳಿಂದ ಹದಿನೆಂಟು ತುಂಬುತ್ತಲೇ ಬೆಂಗಳೂರಿಗೆ ಹೋಗುವ ಸಾವಿರಾರು ಹುಡುಗರಿಗೆ ಅಲ್ಲಿ ಅಪ್ಪ ಯಾರು, ಅಮ್ಮ ಯಾರು? ಒಂದು ರೂಮಿನಲ್ಲಿ ಐದು ಜನ. ಮಾಲೀಕನಿಗೆ ಹೆಸರು ಗೊತ್ತಿಲ್ಲ, ಪಕ್ಕದ ಮನೆಯವನಿಗೆ ಮುಖ ಗೊತ್ತಿಲ್ಲ. ಆಗ ಒಬ್ಬ ಅಣ್ಣ ಬಂದು ಕೊರಳಿಗೆ ಶಾಲು ಹಾಕಿ "ಬಾರೋ ತಮ್ಮಾ" ಅನ್ನುತ್ತಾನೆ. ಹುಡುಗನಿಗೆ ಅದೇ ಮನೆ. ನಾನು ಹೇಳುವುದಿಷ್ಟೆ. ಶಾಲು ಹಾಕಿದವನೇ ಊರು ಬಿಟ್ಟು ಬಂದ ಹುಡುಗನಿಗೆ ಅಪ್ಪನ ಸ್ಥಾನದಲ್ಲಿ ಇರುತ್ತಾನೆ. ಅಪ್ಪನ ಗೌರವ ಬೇಕು, ಅಪ್ಪನ ಹೊಣೆ ಬೇಡ ಎಂದರೆ ಹೇಗೆ?

ಹುಡುಗರೇ ಪುಂಡರು, ಅವರನ್ನು ಯಾರೂ ತಡೆಯಲಾರರು ಎನ್ನುವವರು ಎರಡು ಸಾವುಗಳನ್ನು ನೆನಪು ಮಾಡಿಕೊಳ್ಳಲಿ. 2006ರ ಏಪ್ರಿಲ್ 12ರಂದು ಡಾ. ರಾಜ್ ತೀರಿಕೊಂಡರು. ಅಣ್ಣನ ಮುಖ ನೋಡಲು ಬಂದವರಿಗೆ ಸರಿಯಾದ ವ್ಯವಸ್ಥೆ ಇರಲಿಲ್ಲ. ಕಂಠೀರವ ಸ್ಟೇಡಿಯಂನಿಂದ ಬೀದಿಬೀದಿಗೂ ಗಲಭೆ ಹಬ್ಬಿತು. ಒಬ್ಬ ಪೊಲೀಸ್ ಪೇದೆಯೂ ಸೇರಿ 8 ಜನ ಸತ್ತರು. 2021ರ ಅಕ್ಟೋಬರ್ 29ರಂದು ಅವರ ಮಗ ಪುನೀತ್ ತೀರಿಕೊಂಡರು. ಅದೇ ಬೆಂಗಳೂರು, ಅದೇ ಸ್ಟೇಡಿಯಂ. ದುಃಖ ಇನ್ನೂ ದೊಡ್ಡದು, ಹೋದವರಿಗೆ ಬರೀ 46 ವರ್ಷ. ಲಕ್ಷಾಂತರ ಜನ ಸಾಲುಗಟ್ಟಿ ನೋಡಿ ಕಣ್ಣೊರೆಸಿಕೊಂಡು ಹೋದರು. ನಗರ ಉರಿಯಲಿಲ್ಲ. ನೇತ್ರದಾನಕ್ಕೆ ಹೆಸರು ಬರೆಸಿದವರ ಸಾಲು ಬೆಳೆಯಿತು. ಹದಿನೈದು ವರ್ಷದಲ್ಲಿ ಕನ್ನಡಿಗನ ರಕ್ತವೇ ಬದಲಾಯಿತೇ? ಇಲ್ಲ. ಈ ಸಲ ಮನೆಯವರು ಎದ್ದು ನಿಂತು ಶಾಂತವಾಗಿರಿ ಎಂದು ಕೈಮುಗಿದರು, ಸರ್ಕಾರ ಜನ ನೋಡಲು ಸಮಯ ಕೊಟ್ಟಿತು. ಹಿರಿಯರು ಹೊಣೆ ಹೊತ್ತರು, ಹುಡುಗರು ಮಾತು ಕೇಳಿದರು. ಅಷ್ಟೇ ವ್ಯತ್ಯಾಸ.

"ಕಲ್ಲು ಹೊಡೆಯದಿದ್ದರೆ ಯಾರು ಕೇಳುತ್ತಾರೆ ಸಾರ್?" ಎಂದು ನಿಮ್ಮಲ್ಲೇ ಕೆಲವರು ಕೇಳಬಹುದು. 2023ರ ಡಿಸೆಂಬರ್ 27ರಂದು ಬೆಂಗಳೂರಿನಲ್ಲಿ ಇಂಗ್ಲಿಷ್ ಬೋರ್ಡು ಒಡೆದ ಮೇಲೆ ತಾನೇ ಶೇಕಡಾ 60 ಕನ್ನಡದ ಕಾನೂನು 2024ರ ಫೆಬ್ರುವರಿಯಲ್ಲಿ ಸದನದಲ್ಲಿ ಪಾಸಾದದ್ದು ಎನ್ನುತ್ತೀರಿ. ನ್ಯಾಯವಾದ ಪ್ರಶ್ನೆ, ತಳ್ಳಿಹಾಕುವುದಿಲ್ಲ. ಸರ್ಕಾರಕ್ಕೆ ಸದ್ದು ಕೇಳಿಸದಿದ್ದರೆ ನಿದ್ದೆ ಹರಿಯುವುದಿಲ್ಲ, ನಿಜ. ಆದರೆ ಅವತ್ತು ಮೆರವಣಿಗೆಗೆ ಕರೆ ಕೊಟ್ಟ ಮುಖಂಡರೂ ಹುಡುಗರ ಜೊತೆಗೇ ಜೈಲಿಗೆ ಹೋದರು ಎಂಬುದನ್ನು ಮರೆಯಬೇಡಿ. ಒಡೆದದ್ದು ಸರಿ ಎಂದು ನಾನು ಹೇಳಲಾರೆ, ಬಿಟ್ಟು ಓಡಲಿಲ್ಲ ಎಂದಷ್ಟೇ ಹೇಳುತ್ತೇನೆ.

ಇನ್ನು ಕಾವೇರಿಯ ಲೆಕ್ಕ ನೋಡಿ. 1991ರ ಡಿಸೆಂಬರಿನಲ್ಲಿ ಮಧ್ಯಂತರ ತೀರ್ಪಿನ ಸಿಟ್ಟಿಗೆ ಬೆಂಗಳೂರು ಉರಿಯಿತು. ಹದಿನೈದಕ್ಕೂ ಹೆಚ್ಚು ಜನ ಸತ್ತರು, ಕೂಲಿ ಮಾಡುವ ತಮಿಳರ ಗುಡಿಸಲುಗಳು ಸುಟ್ಟವು. ಒಂದು ಹನಿ ನೀರು ಉಳಿಯಲಿಲ್ಲ. 2016ರಲ್ಲಿ ಬಸ್ಸು ಸುಟ್ಟೆವು. ಆಗಲೂ ಹನಿ ಉಳಿಯಲಿಲ್ಲ. ಉಳಿದದ್ದು 2018ರ ಫೆಬ್ರುವರಿ 16ರಂದು. ಬಿಳಿಗುಂಡ್ಲುವಿನಲ್ಲಿ ನಾವು ಬಿಡಬೇಕಾದ ನೀರನ್ನು ಸುಪ್ರೀಂ ಕೋರ್ಟು 192 ಟಿಎಂಸಿಯಿಂದ 177.25ಕ್ಕೆ ಇಳಿಸಿತು. ನಮಗೆ ಹೆಚ್ಚಿಗೆ ಸಿಕ್ಕ 14.75 ಟಿಎಂಸಿಯಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ. ಅದನ್ನು ತಂದದ್ದು ವಾದ, ದಾಖಲೆ, ಅಂಕಿಅಂಶ. ಬೆಂಕಿಪೊಟ್ಟಣ ಅಲ್ಲ.

ಕಾನೂನೂ ಗೊತ್ತಿರಲಿ. ಅಕ್ರಮ ಕೂಟದ ಉದ್ದೇಶಕ್ಕಾಗಿ ಗುಂಪಿನಲ್ಲಿ ಒಬ್ಬ ಮಾಡಿದ ಅಪರಾಧಕ್ಕೆ ಆ ಕೂಟದಲ್ಲಿರುವ ಪ್ರತಿಯೊಬ್ಬನೂ ಅಪರಾಧಿ. ಹಿಂದೆ ಐಪಿಸಿ 149, ಈಗ ಭಾರತೀಯ ನ್ಯಾಯ ಸಂಹಿತೆ 190. "ನಾನು ಎಸೆಯಲಿಲ್ಲ, ನಿಂತು ನೋಡ್ತಿದ್ದೆ" ಎಂದು ಬಿಡಿಸಿಕೊಂಡು ಬರುವುದು ಸುಲಭವಲ್ಲ. ಹದಿನೆಂಟು ತುಂಬದ ಹುಡುಗ ತಪ್ಪು ಮಾಡಿದರೆ 2015ರ ಬಾಲನ್ಯಾಯ ಕಾಯ್ದೆಯಡಿ ದಂಡವನ್ನು ಹೆತ್ತವರಿಂದಲೂ ಕಟ್ಟಿಸಬಹುದು. ಇನ್ನೊಂದು ಮಾತು ಮುಖಂಡರು ಕಿವಿಗೊಟ್ಟು ಕೇಳಲಿ. ಆಸ್ತಿ ಹಾಳಾದರೆ ನಷ್ಟದ ಹೊಣೆ ಸುಟ್ಟವರ ಜೊತೆ ಸಂಘಟಕರ ಮೇಲೂ ಬರಬೇಕು ಎಂದು ಸುಪ್ರೀಂ ಕೋರ್ಟು 2009ರಲ್ಲೇ ಹೇಳಿದೆ.

ಆದ್ದರಿಂದ ನಮ್ಮ ಸಂಘಟನೆಗಳಿಗೆ ಈ ಪತ್ರಿಕೆಯ ಕಡೆಯಿಂದಲೇ ನಾಲ್ಕು ಬೇಡಿಕೆ. ಶಾಲು ಹಾಕುವ ಮೊದಲು ಹುಡುಗನ ಹೆಸರು, ಊರು, ಮನೆಯವರ ಫೋನ್ ನಂಬರು ಬರೆದುಕೊಳ್ಳಿ. ಹದಿನೆಂಟು ತುಂಬದವರನ್ನು ಬೀದಿ ಹೋರಾಟಕ್ಕೆ ಕರೆಯಬೇಡಿ. ಮೆರವಣಿಗೆಯ ಮುಂದೆ ನಡೆದವರು ಕೊನೆಯ ಹುಡುಗ ಮನೆ ಸೇರುವ ತನಕ ಜಾಗ ಬಿಡಬೇಡಿ. ನಿಮ್ಮ ಹುಡುಗ ಸಿಕ್ಕಿಬಿದ್ದರೆ "ನಮ್ಮವನು" ಎಂದು ಮೊದಲು ಠಾಣೆಗೆ ಹೋಗುವವರು ನೀವಾಗಿರಿ. ತಪ್ಪು ಮಾಡಿದ್ದರೆ ತಪ್ಪು ಎಂದು ಅವನ ಮುಖಕ್ಕೇ ಹೇಳಿ, ಆದರೆ ಕೈಬಿಡಬೇಡಿ.

ನನ್ನ ಪಾಲಿನದೂ ಇದೆ. "ರಕ್ತ ಕೊಟ್ಟೇವು" ಎಂಬ ಸಾಲನ್ನು ಇನ್ನು ನನ್ನ ಪ್ರೆಸ್ಸಿನಲ್ಲಿ ಅಚ್ಚು ಹಾಕುವುದಿಲ್ಲ. ಬರೆದು ತಂದವರು ತಮ್ಮ ಸ್ವಂತ ಮಗನ ಹೆಸರನ್ನು ಅದರ ಪಕ್ಕ ಬರೆದುಕೊಟ್ಟರೆ ಯೋಚನೆ ಮಾಡುತ್ತೇನೆ!

ಕೊನೆಯದಾಗಿ ನಿಮಗೆ, ತಮ್ಮಂದಿರೇ. ಬಡವನ ಕೋಪ ದವಡೆಗೆ ಮೂಲ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಸಿಟ್ಟು ಬಿಡಿ ಎನ್ನುತ್ತಿಲ್ಲ. ಕನ್ನಡಕ್ಕೆ ಸಿಟ್ಟು ಬೇಕು, ಅದಿಲ್ಲದಿದ್ದರೆ ನಮ್ಮನ್ನು ತುಳಿದು ಹೋಗುತ್ತಾರೆ. ಆದರೆ ನೀವು ಯಾರ ಕೈಯ ಕಲ್ಲೂ ಅಲ್ಲ. ಮುಂದಿನ ಸಲ ಯಾರಾದರೂ ಕೊರಳಿಗೆ ಶಾಲು ಹಾಕಲು ಬಂದರೆ ತಲೆ ಬಾಗಿಸುವ ಮೊದಲು ಒಂದೇ ಒಂದು ಮಾತು ಕೇಳಿ: "ಅಣ್ಣಾ, ನಾಳೆ ನನ್ನನ್ನು ಹಿಡಿದರೆ ಜಾಮೀನಿಗೆ ನೀನು ಬರ್ತೀಯಾ?"

"ನಾಳೆ ನೋಡೋಣ" ಎಂದನೋ, ಶಾಲು ವಾಪಸ್ ಕೊಟ್ಟು ಬನ್ನಿ.

ಸಿರಿಗನ್ನಡಂ ಗೆಲ್ಗೆ.