ಗುಂಡಿಗೆ ಹಾರೋ ಧೈರ್ಯ ನಮಗ ಬ್ಯಾಡ



ಚಂದಾಪುರ, ಚಿಂಚೋಳಿ, ಸೇಡಂ, ವಾಡಿ, ಶಹಾಬಾದ್ ಕಡೆಯ ಹಾಸ್ಟೆಲುಗಳಲ್ಲಿ ಓದುತ್ತಿರುವ ನಮಗೆ ಒಂದು ಪ್ರಶ್ನೆ. ಪರ್ಸಿ ಮುಚ್ಚಿದ ಸಂಡಾಸ ಗುಂಡಿ ತುಂಬಿದಾಗ ಊರವರು ಯಾರ ಓಣಿ ಹುಡುಕಿಕೊಂಡು ಬರ್ತಾರ? ನಮ್ಮ ಓಣಿ. ಇಳಿದವನು ಬಿದ್ದ ಅಂತ ಕೂಗು ಎದ್ದರ ಮೊದಲು ಹಾರೋರು ಯಾರು? ನಾವೇ. ಅಣ್ಣ ಬಿದ್ದರ ತಮ್ಮ ಹಾರ್ತಾನ. ತಮ್ಮನ ಹಿಂದ ಅಳಿಯ. ಒಂದು ಹೆಣದ ಜಾಗದಾಗ ಮೂರು ಹೆಣ. ಮರುದಿನ ಪೇಪರಿನವರು ಇದಕ್ಕೆ 'ದುರಂತ' ಎಂದು ಹೆಸರಿಡುತ್ತಾರೆ.

2017ರ ಮಾರ್ಚಿನಲ್ಲಿ ಬೆಂಗಳೂರಿನ ಸಿ.ವಿ. ರಾಮನ್ ನಗರದ ಮ್ಯಾನ್‌ಹೋಲಿನಲ್ಲಿ ಮೂವರು ಸತ್ತರು. ಒಳಗಿದ್ದವರನ್ನು ಉಳಿಸಲು ಇಳಿದವನೂ ಮೇಲೆ ಬರಲಿಲ್ಲ. 2021ರ ಜನವರಿಯಲ್ಲಿ ನಮ್ಮ ಕಲಬುರಗಿಯಲ್ಲೇ ಇಬ್ಬರು ಕೂಲಿಕಾರರು ಮ್ಯಾನ್‌ಹೋಲಿನಲ್ಲಿ ಸತ್ತರು. ವಿಷಗಾಳಿ ಜಾತಿ ಕೇಳೋದಿಲ್ಲ, ಖರೆ. ಆದರ ಗುಂಡಿಗೆ ಯಾರನ್ನ ಇಳಿಸಬೇಕು ಅನ್ನೋದನ್ನ ಜಾತಿ, ಬಡತನ ಎರಡೂ ಕೂಡಿ ತೀರ್ಮಾನ ಮಾಡ್ತಾವ.

ಕೊಳೆತ ಹೊಲಸಿನಿಂದ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ. ತಳದಲ್ಲೇ ಕೂತಿರುತ್ತದೆ. ಮೊದಲು ಕೊಳೆತ ತತ್ತಿಯ ವಾಸನೆ. ಗಾಳಿ ಹೆಚ್ಚಾದರ ಮೂಗೇ ಸತ್ತುಹೋಗುತ್ತದೆ. ವಾಸನೆ ಹೋಯ್ತು ಅಂದರ ವಿಷ ಹೋಯ್ತು ಅಂತಲ್ಲ. ಮೂಗಿಗೆ ಕಟ್ಟಿದ ಟವೆಲ್ ಇದನ್ನು ತಡೆಯೋದಿಲ್ಲ. ಕಡ್ಡಿ ಗೀರಿ ನೋಡಬ್ಯಾಡ್ರಿ, ಮೀಥೇನ್ ಇದ್ದರ ಸಿಡಿಯುತ್ತದೆ.

'ಕಣ್ಣೆದುರು ಒಬ್ಬ ಸಾಯುವಾಗ ದೂರ ನಿಲ್ಲೋದು ಹೇಡಿತನ' ಅಂತ ದಂಡೆಯ ಮೇಲೆ ನಿಂತವರು ಹೇಳ್ತಾರ. ಅವರ ಮಕ್ಕಳು ಎಂದಾದರೂ ಇಳಿದಾರೇನು? ಪ್ರಥಮ ಚಿಕಿತ್ಸೆಯ ಮೊದಲ ಪಾಠವೇ ಇದು: ಉಳಿಸುವವನು ಮೊದಲು ತಾನು ಉಳಿಯಬೇಕು. ನಮ್ಮ ಜೀವಕ್ಕೂ ಬೆಲೆ ಐತಿ ಅನ್ನೋದನ್ನ ಈ ಸಮಾಜ ನಮಗ ಕಲಿಸಲಿಲ್ಲ. ನಾವೇ ಕಲಿಯಬೇಕು.

ಹಾಗಾದರೆ ಏನು ಮಾಡೋಣ? ಒಬ್ಬನೂ ಇಳಿಯಬಾರದು. ಕೂಡಲೇ 112ಕ್ಕೆ, 108ಕ್ಕೆ ಫೋನು. ಗುಂಡಿಯೊಳಗೆ ಬಗ್ಗದೆ ಅಕ್ಕಪಕ್ಕದ ಮುಚ್ಚಳ ತೆಗೆದು, ಗಾಳಿ ಬರುವ ದಿಕ್ಕಿಗೆ ನಿಲ್ಲಬೇಕು. ಇಳಿದವನ ಮೈಗೆ ಮೊದಲೇ ಹಗ್ಗ ಕಟ್ಟಿದ್ದರೆ ಮೇಲಿನಿಂದಲೇ ಎಳೆಯಬೇಕು. ಹೊರಗೆ ಬಂದವನನ್ನು ಬಯಲಿಗೆ ಒಯ್ಯಬೇಕು. ಉಸಿರು ಇಲ್ಲದಿದ್ದರೆ ಎದೆಯ ನಡುವೆ ಎರಡೂ ಕೈಯಿಂದ ನಿಮಿಷಕ್ಕೆ 100ರಿಂದ 120 ಸಲ ಜೋರಾಗಿ ಒತ್ತಬೇಕು. ಬಾಯಿಗೆ ಬಾಯಿ ಹಚ್ಚಿ ಉಸಿರು ಕೊಡಬ್ಯಾಡ್ರಿ, ಆ ವಿಷ ನಮಗೂ ಹತ್ತುತ್ತದೆ.

ಆದರೆ ಇಷ್ಟಕ್ಕೇ ಸುಮ್ಮನಾದರೆ ನಾವು ಹೆಣ ಎಣಿಸುವವರಾಗುತ್ತೇವೆ. ರಕ್ಷಣಾ ಸಾಧನವಿಲ್ಲದೆ ಮನುಷ್ಯರನ್ನು ಗುಂಡಿಗೆ ಇಳಿಸುವುದು 2013ರ ಕಾಯ್ದೆಯಂತೆ ಅಪರಾಧ. ತುರ್ತು ಎಂಬ ನೆಪವೂ ನಡೆಯದು ಎಂದು ಸುಪ್ರೀಂ ಕೋರ್ಟು 2014ರಲ್ಲೇ ಹೇಳಿತು. ಇಂಥ ಸಾವಿಗೆ ಆಗ 10 ಲಕ್ಷ ಇದ್ದ ಪರಿಹಾರವನ್ನು 2023ರಲ್ಲಿ 30 ಲಕ್ಷ ಮಾಡಿತು. ನಮಗೆ ಹೆಣದ ರೊಕ್ಕ ಬ್ಯಾಡ. ಯಂತ್ರ ಬೇಕು. ಇಳಿಸಿದವನಿಗೆ ಜೈಲು ಬೇಕು.

ಈ ರಜೆಗೆ ಊರಿಗೆ ಹೋದಾಗ ಅಪ್ಪನಿಗೆ, ಕಾಕಾನಿಗೆ, ತಮ್ಮನಿಗೆ ಈ ಹಾಳೆ ಓದಿ ಹೇಳ್ರಿ. ಕರೆಯಲು ಬಂದವರಿಗೆ ನಾವೆಲ್ಲ ಕೂಡಿ ಒಂದೇ ಉತ್ತರ ಕೊಡೋಣ: ಇಳಿಯೋದಿಲ್ಲ!